ಸತ್ತವರ ಪಟ್ಟಿ, ಬದುಕಿದವರ ಲೆಕ್ಕ



ಧರ್ಮಕೇಂದ್ರದಲ್ಲಿ ಸೇವೆ ಎಂದ ಕೂಡಲೇ ನಮಗೆ ನೆನಪಾಗುವುದು ಹಬ್ಬದ ಚಪ್ಪರ, ರಕ್ತದಾನ, ಅಕ್ಕಿ ಹಂಚುವುದು. ಕಾಲೇಜಿನಲ್ಲಿ ಕಲಿತ ಸಂಖ್ಯಾಶಾಸ್ತ್ರ, ಎಕ್ಸೆಲ್ ಇವೆಲ್ಲ ಬಡವರಿಗೆ ಯಾವ ಉಪಯೋಗಕ್ಕೆ ಎಂದು ಕೇಳುವವರೂ ನಮ್ಮಲ್ಲಿದ್ದಾರೆ. ಅವರಿಗಾಗಿ ಲಂಡನ್ನಿನ ಒಬ್ಬ ಯುವ ಪಾದ್ರಿಯ ಕಥೆ ಹೇಳುತ್ತೇವೆ.

1854ರ ಆಗಸ್ಟ್ 31ರಂದು ಲಂಡನ್ನಿನ ಸೋಹೋ ಎಂಬಲ್ಲಿ, ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಭುಗಿಲೆದ್ದಿತು. ಒಟ್ಟು 616 ಜನ ಸತ್ತರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದು ಹೆಚ್ಚಿನ ವೈದ್ಯರು ನಂಬಿದ್ದ ಕಾಲವದು. ಜಾನ್ ಸ್ನೋ ಎಂಬ ವೈದ್ಯರು ಮರಣ ನೋಂದಣಿಯ ಪಟ್ಟಿ ತರಿಸಿಕೊಂಡು ನೋಡಿದರು. ಸಾವುಗಳು ಬ್ರಾಡ್ ಸ್ಟ್ರೀಟಿನ ಕೈಪಂಪಿನ ಸುತ್ತಲೇ ಗುಂಪುಗೂಡಿದ್ದವು. ಅವರ ಮಾತಿನ ಮೇಲೆ ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ತೆಗೆಸಲಾಯಿತು. ಪಾಠಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ನಮ್ಮ ಮಟ್ಟಿಗೆ ಸ್ವಾರಸ್ಯ ಶುರುವಾಗುವುದೇ ಇಲ್ಲಿಂದ.

ಆ ಕೇರಿಯ ಸಂತ ಲೂಕರ ಆಂಗ್ಲಿಕನ್ ಚರ್ಚಿನಲ್ಲಿ ಹೆನ್ರಿ ವೈಟ್‌ಹೆಡ್ ಸಹಾಯಕ ಪಾದ್ರಿಯಾಗಿದ್ದರು. ವಯಸ್ಸು 28. ಸಾಯುತ್ತಿದ್ದವರ ಹಾಸಿಗೆಯ ಪಕ್ಕದಲ್ಲಿ ಕೂತು ಪ್ರಾರ್ಥಿಸಿದವರು ಅವರು. ಸ್ನೋ ಹೇಳಿದ್ದನ್ನು ಅವರು ನಂಬಲಿಲ್ಲ. ಅದೇ ಪಂಪಿನ ನೀರನ್ನು ಧಾರಾಳವಾಗಿ ಕುಡಿದೂ ಗುಣವಾದವರನ್ನು ಅವರೇ ಕಂಡಿದ್ದರಲ್ಲ! ಧರ್ಮಕೇಂದ್ರದ ವಿಚಾರಣಾ ಸಮಿತಿಗೆ ಸೇರಿ, ಸ್ನೋ ತಪ್ಪೆಂದು ತೋರಿಸಲೆಂದೇ ಮನೆಮನೆ ಸುತ್ತತೊಡಗಿದರು. ಕೆಲವು ಮನೆಗಳಿಗೆ ನಾಲ್ಕೈದು ಸಲ ಹೋದರು. ಪರಿಚಯದ ಪಾದ್ರಿಯಾದ್ದರಿಂದ ಜನ ಬಾಗಿಲು ತೆರೆದರು, ನೆನಪು ಮಾಡಿಕೊಂಡು ಹೇಳಿದರು.

ಅವರು ಕೇಳಿದ್ದು ಸತ್ತವರ ಬಗ್ಗೆ ಮಾತ್ರವಲ್ಲ. ಸತ್ತವರೆಲ್ಲ ಆ ನೀರು ಕುಡಿದಿದ್ದರು ಎಂದರೆ ಅಷ್ಟರಿಂದ ಏನೂ ತಿಳಿಯದು. ಬದುಕಿ ಉಳಿದವರೂ ಅದನ್ನೇ ಕುಡಿದಿರಬಹುದು. ಆದ್ದರಿಂದ ಆರೋಗ್ಯವಾಗಿದ್ದವರನ್ನೂ ಒಬ್ಬೊಬ್ಬರನ್ನಾಗಿ ಕೇಳಿ ಬರೆದುಕೊಂಡರು. ಕೊನೆಗೆ ಸಿಕ್ಕಿದ ಲೆಕ್ಕ ಇದು: ಪಂಪಿನ ನೀರು ಕುಡಿದ 137 ಜನರಲ್ಲಿ 80 ಜನರಿಗೆ ಕಾಲರಾ; ಕುಡಿಯದ 297 ಜನರಲ್ಲಿ ಕೇವಲ 20 ಜನರಿಗೆ. ನೂರಕ್ಕೆ 58 ಎಲ್ಲಿ, 7 ಎಲ್ಲಿ! ವೈಟ್‌ಹೆಡ್ ಸ್ನೋ ಪರವಾದರು. ತನ್ನ ಅನಿಸಿಕೆಗೆ ವಿರುದ್ಧವಾದ ಲೆಕ್ಕವನ್ನು ಹಾಗೆಯೇ ಒಪ್ಪಿಕೊಳ್ಳುವುದು, ಇಂದಿಗೂ, ಎಲ್ಲರಿಂದಾಗುವ ಕೆಲಸವಲ್ಲ.

ಒಂದು ಮಾತು ನಡುವೆ ಹೇಳಿಬಿಡುತ್ತೇವೆ. ನಮ್ಮ ಚರ್ಚುಗಳ ಧರ್ಮಾರ್ಥ ಸಂಘಗಳ ದಪ್ಪ ಪುಸ್ತಕದಲ್ಲಿರುವುದು ನೆರವು ಪಡೆದವರ ಹೆಸರು. ಕೇಳಲು ನಾಚಿ ಬಾರದವರು, ಸುದ್ದಿಯೇ ಮುಟ್ಟದ ಒಂಟಿ ಅಜ್ಜಿಯರು ಅದರಲ್ಲಿಲ್ಲ. ಆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವುದು ಎರಡು ಸಂಜೆಯ ಕೆಲಸ. ಬರೆಯದೆ ಬಿಟ್ಟ ಹೆಸರು ಹುಡುಕಲು ವಾರ್ಡಿನ ಮನೆಮನೆಗೆ ಹೋಗಲೇಬೇಕು. ಸಿಕ್ಕಿದ ಹೆಸರುಗಳನ್ನು ವಾಟ್ಸಾಪ್ ಗುಂಪಿಗೆ ಹಾಕದಿರುವುದೂ ಆ ಕೆಲಸದಲ್ಲೇ ಸೇರಿದೆ.

ಮತ್ತೆ ಸೋಹೋಗೆ. ನೋಂದಣಿ ದಾಖಲೆ ತಿರುವುತ್ತಿದ್ದಾಗ ವೈಟ್‌ಹೆಡ್‌ಗೆ 40ನೇ ನಂಬರಿನ ಮನೆಯ ಐದು ತಿಂಗಳ ಮಗುವಿನ ಸಾವು ಕಣ್ಣಿಗೆ ಬಿತ್ತು. ಭೇದಿ ಶುರುವಾದದ್ದು ಊರಿಗೆ ರೋಗ ಹಬ್ಬುವ ಮೊದಲೇ. ತಾಯಿಯನ್ನು ಕೇಳಿದರು. ಮಗುವಿನ ಬಟ್ಟೆ ತೊಳೆದ ನೀರನ್ನು ಮನೆಮುಂದಿನ ಮಲದ ಗುಂಡಿಗೆ ಸುರಿದಿದ್ದೆ ಎಂದಳು. ಅಗೆದು ನೋಡಿದಾಗ ಗುಂಡಿಗೂ ಪಂಪಿನ ಬಾವಿಗೂ ಮೂರು ಅಡಿಯೂ ಅಂತರವಿರಲಿಲ್ಲ. ಇಟ್ಟಿಗೆ ಸಡಿಲಾಗಿ ಕೊಳಕು ಒಸರುತ್ತಿತ್ತು.

ಹಿಡಿ ತೆಗೆಯುವ ಹೊತ್ತಿಗೆ ರೋಗ ಹೇಗೂ ಇಳಿಯುತ್ತಿತ್ತು, ಅದರಿಂದ ಲಾಭವೇನು ಎನ್ನುವವರು ಆಗಲೂ ಇದ್ದರು. ಆದರೆ ಆ ಮಗುವಿನ ತಂದೆಗೆ ಕಾಲರಾ ತಗಲಿದ್ದು ಸೆಪ್ಟೆಂಬರ್ 8ರಂದೇ. ಪಂಪು ನಡೆಯುತ್ತಿದ್ದರೆ ಕೇರಿ ಎರಡನೇ ಸಲ ಸ್ಮಶಾನವಾಗುತ್ತಿತ್ತು ಎಂದು ತೋರಿಸಿಕೊಟ್ಟವರು ವೈಟ್‌ಹೆಡ್.

ಸ್ನೋ 1858ರಲ್ಲಿ ತೀರಿಕೊಂಡರು. 1866ರಲ್ಲಿ ಲಂಡನ್ನಿನ ಪೂರ್ವಭಾಗಕ್ಕೆ ಕಾಲರಾ ಬಂದಾಗ ಅದರ ವಿಚಾರಣೆಗೂ ವೈಟ್‌ಹೆಡ್ ನೆರವಾದರು. ಅವರ ಓದುವ ಕೋಣೆಯಲ್ಲಿ ಸ್ನೋ ಅವರದೊಂದು ಚಿತ್ರವಿತ್ತು.