ಚಪ್ಪಾಳೆ: ಕೇಳಿ ಪಡೆದದ್ದು, ತಾನಾಗಿ ಬಂದದ್ದು

ಕಲಬುರಗಿಯ ಸಭಾಂಗಣವಿರಲಿ, ಕಮಲಾಪುರದ ಶಾಲಾ ಅಂಗಳವಿರಲಿ, ವಾರ್ಷಿಕೋತ್ಸವದಲ್ಲಿ ನಿರೂಪಕರ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಒಂದು ಜೋರಾದ ಚಪ್ಪಾಳೆ ಬರಲಿ!" ಉರ್ದು ಸಭೆಯಾದರೆ "ಜೋರ್‌ದಾರ್ ತಾಲಿಯಾಂ!" ಒಬ್ಬ ವಿದ್ಯಾರ್ಥಿಗೆ ಹೆಚ್ಚು ಚಪ್ಪಾಳೆ ಬೀಳುತ್ತದೆ, ಮುಂದಿನವನಿಗೆ ಕಡಿಮೆ. ಕಡಿಮೆ ಸಿಕ್ಕವನು ತಲೆ ತಗ್ಗಿಸಿ ವೇದಿಕೆ ಇಳಿಯುತ್ತಾನೆ. ಪ್ರಿಯ ವಿದ್ಯಾರ್ಥಿಗಳೇ, ಈ ಚಪ್ಪಾಳೆ ಎಲ್ಲಿಂದ ಬಂತು? ಅದರಿಂದ ಒಬ್ಬರ ಯೋಗ್ಯತೆಯನ್ನು ಅಳೆಯಬಹುದೇ?

ಚಪ್ಪಾಳೆಯ ಮೂಲ ಅರ್ಥ ಹೊಗಳಿಕೆ ಮಾತ್ರವಲ್ಲ. ವಾದ್ಯವಿಲ್ಲದವನಿಗೂ ಎರಡು ಅಂಗೈಗಳೇ ವಾದ್ಯ. ಹಿಂದೂಸ್ತಾನಿ ಸಂಗೀತದ ತೀನ್‌ತಾಲದ 16 ಮಾತ್ರೆಗಳಲ್ಲಿ 1, 5 ಮತ್ತು 13ನೆಯದಕ್ಕೆ ಕೈ ತಟ್ಟುತ್ತಾರೆ, 9ನೆಯದನ್ನು ಖಾಲಿ ಬಿಡುತ್ತಾರೆ. 1422ರಲ್ಲಿ ನಮ್ಮ ಕಲಬುರಗಿಯಲ್ಲಿ ವಫಾತಾದ ಹಜರತ್ ಖಾಜಾ ಬಂದೇನವಾಜರ ಉರುಸಿನಲ್ಲಿ ಕವ್ವಾಲಿ ಕೇಳಿದವರಿಗೆ ಇದು ಗೊತ್ತು. ಹಿಂದೆ ಕುಳಿತ ಸಂಗಡಿಗರ ಚಪ್ಪಾಳೆ ಹಾಡಿಗೆ ತಾಳ. ಕೇಳುಗರ ಮೆಚ್ಚುಗೆಯಾದರೋ "ವಾಹ್ ವಾಹ್", "ಸುಬ್ಹಾನಲ್ಲಾಹ್" ಎಂದು ಬಾಯಿಂದಲೇ ಬರುತ್ತದೆ.

ಅರಬರಲ್ಲಿಯೂ ಚಪ್ಪಾಳೆ ಹಳೆಯದು. ಕಾಬಾದ ಬಳಿ ಸಿಳ್ಳೆ ಹಾಕಿ ಚಪ್ಪಾಳೆ ತಟ್ಟುತ್ತಿದ್ದವರ ಪ್ರಸ್ತಾಪ ಪವಿತ್ರ ಕುರ್‌ಆನಿನ ಅನ್‌ಫಾಲ್ ಅಧ್ಯಾಯದಲ್ಲಿದೆ. ನಮಾಜಿನಲ್ಲಿ ಇಮಾಮರು ತಪ್ಪಿದರೆ ಪುರುಷರು ತಸ್ಬೀಹ್ ಹೇಳಿ, ಸ್ತ್ರೀಯರು ಕೈ ತಟ್ಟಿ ಎಚ್ಚರಿಸಬೇಕೆಂದು ಹದೀಸಿನಲ್ಲಿದೆ. ಅಂದರೆ ಅದೇ ಸದ್ದು ತಪ್ಪನ್ನು ತಿದ್ದುವುದಕ್ಕೂ ಬಳಕೆಯಾಗಿದೆ.

ಹೊಗಳಿಕೆಯ ಚಪ್ಪಾಳೆಯ ಕಥೆಯೇ ಬೇರೆ. ಪ್ರಾಚೀನ ರೋಮಿನ ನಾಟಕಗಳ ಕೊನೆಯಲ್ಲಿ ನಟರು ಪ್ರೇಕ್ಷಕರಿಂದ ಚಪ್ಪಾಳೆಯನ್ನು ಕೇಳಿ ಪಡೆಯುತ್ತಿದ್ದರು. ಕ್ರಿ.ಶ. 54ರಿಂದ 68ರವರೆಗೆ ಆಳಿದ ಚಕ್ರವರ್ತಿ ನೀರೋಗೆ ತಾನು ಮಹಾಗಾಯಕನೆಂಬ ಭ್ರಮೆಯಿತ್ತು. ಅವನು ಐದು ಸಾವಿರಕ್ಕೂ ಹೆಚ್ಚು ಯುವಕರಿಗೆ ಚಪ್ಪಾಳೆಯ ತರಬೇತಿ ಕೊಡಿಸಿದನೆಂದು ಇತಿಹಾಸಕಾರ ಸ್ವಿಟೋನಿಯಸ್ ಬರೆದಿದ್ದಾನೆ. ಜೇನಿನ ಝೇಂಕಾರದಂಥದ್ದು, ಹೆಂಚಿನ ಸದ್ದಿನಂಥದ್ದು ಎಂದು ಅದರಲ್ಲಿ ಬಗೆಗಳೂ ಇದ್ದವು. 19ನೆಯ ಶತಮಾನದ ಪ್ಯಾರಿಸ್ಸಿನ ರಂಗಮಂದಿರಗಳಲ್ಲಿ ಹಣ ಪಡೆದು ಚಪ್ಪಾಳೆ ತಟ್ಟುವ ತಂಡಗಳೇ ಇದ್ದವು. ಅವುಗಳಿಗೆ 'ಕ್ಲಾಕ್' ಎಂದು ಹೆಸರು.

ಹಣ ಕೊಡದಿದ್ದರೂ ಚಪ್ಪಾಳೆ ಅಂಟುರೋಗದಂತೆ ಹರಡುತ್ತದೆ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ವಿದ್ಯಾರ್ಥಿಗಳ ಸಣ್ಣ ಗುಂಪುಗಳನ್ನು ಪರೀಕ್ಷಿಸಿದರು. ಚಪ್ಪಾಳೆ ಎಷ್ಟು ಹೊತ್ತು ನಡೆಯಿತು ಎಂಬುದಕ್ಕೂ ಭಾಷಣದ ಗುಣಮಟ್ಟಕ್ಕೂ ಸಂಬಂಧ ಕಾಣಲಿಲ್ಲ. ಸುತ್ತಲಿನ ಸದ್ದು ಕೇಳಿ ಜನ ಶುರು ಮಾಡುತ್ತಾರೆ, ಇತರರು ನಿಲ್ಲಿಸಿದಾಗ ನಿಲ್ಲಿಸುತ್ತಾರೆ.

ಹಾಗಾದರೆ ಚಪ್ಪಾಳೆಗೆ ಬೆಲೆಯೇ ಇಲ್ಲವೇ? ಇದಕ್ಕೆ ಉತ್ತರ ನಮ್ಮ ಊರಿನಲ್ಲಿಯೇ ಇದೆ. 2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಅದು ದೇಶದಲ್ಲಿ ಕೋವಿಡ್‌ನಿಂದಾದ ಮೊದಲ ಸಾವೆಂದು ಎರಡು ದಿನಗಳ ನಂತರ ದೃಢಪಟ್ಟಿತು. ಅವರಿಗೆ ಚಿಕಿತ್ಸೆ ನೀಡಿದ ವೈದ್ಯರೊಬ್ಬರಿಗೂ ಸೋಂಕು ತಗಲಿತು. ಊರೆಲ್ಲ ಹೆದರಿ ಬಾಗಿಲು ಹಾಕಿಕೊಂಡಿತ್ತು. ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಸಂಜೆ 5 ಗಂಟೆಗೆ ದೇಶದ ಜನ ಬಾಗಿಲಿಗೆ, ಮಾಳಿಗೆಗೆ ಬಂದು ವೈದ್ಯರು, ದಾದಿಯರು ಮತ್ತು ಪೌರಕಾರ್ಮಿಕರಿಗಾಗಿ ಚಪ್ಪಾಳೆ ತಟ್ಟಿದರು. ಅದೂ ಕೇಳಿ ಪಡೆದ ಚಪ್ಪಾಳೆಯೇ. ಆದರೆ ಸಾವನ್ನು ಮೊದಲು ಕಂಡ ಊರಿನವರಿಗೆ ಅದು ಬರೀ ಸದ್ದಾಗಿರಲಿಲ್ಲ.

ಅದೇ ವರ್ಷ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸುರಕ್ಷಾ ಸಾಮಗ್ರಿ ಕೇಳಿ ಮುಷ್ಕರ ಹೂಡಿದರು. ಮಾರ್ಚ್‌ನ ಚಪ್ಪಾಳೆ ಅವರ ಮನೆಯ ಒಲೆ ಉರಿಸಲಿಲ್ಲ ಎಂಬುದನ್ನು ನಾವು ಮರೆಯಬಾರದು. ಮೆಚ್ಚುಗೆ ಕೊಡುವುದು ಸುಲಭ. ಹಕ್ಕಿನದನ್ನು ಕೊಡುವುದು ಕಷ್ಟ.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ನಿಮಗೆ ಬಿದ್ದ ಚಪ್ಪಾಳೆಗಳನ್ನು ಎಣಿಸುತ್ತಾ ಕೂರಬೇಡಿ. ಚಪ್ಪಾಳೆ ಕಡಿಮೆ ಬಿತ್ತೆಂದು ನಿಮ್ಮ ಶ್ರಮ ಕಡಿಮೆಯಾಗುವುದಿಲ್ಲ. ಮುಂದಿನ ವಾರ್ಷಿಕೋತ್ಸವದಲ್ಲಿ ತಲೆ ತಗ್ಗಿಸಿ ಇಳಿಯುವ ಗೆಳೆಯನಿಗೆ, ಕುರ್ಚಿ ಹಾಕಿ ಅಂಗಳ ಗುಡಿಸಿದವರಿಗೆ ಯಾರೂ ಹೇಳುವ ಮೊದಲೇ ಕೈ ತಟ್ಟಿರಿ. ನಂತರ ಅದೇ ಕೈಗಳಿಂದ ಕುರ್ಚಿಗಳನ್ನು ಎತ್ತಿಡಲು ಅವರ ಜೊತೆ ಸೇರಿರಿ.