ಹೆಬ್ಬೆರಳಿಗೆ ನೂರಕ್ಕೆ ಇಪ್ಪತ್ತೈದು

ಏಕಲವ್ಯನ ಹೆಬ್ಬೆರಳನ್ನು ಗುರು ದಕ್ಷಿಣೆ ಅಂತ ಪುಕ್ಕಟೆ ಕೇಳಿದ. ಬ್ರಿಟಿಷ್ ಸರ್ಕಾರ ಹೆಬ್ಬೆರಳಿಗೊಂದು ರೇಟು ಕಟ್ಟಿತು.

1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಜೊತೆಗೆ ಒಂದು ಪಟ್ಟಿ ಇತ್ತು. ಬಲಗೈ ಮೊಣಕೈಯಿಂದ ಮೇಲಕ್ಕೆ ಹೋದರೆ ನೂರಕ್ಕೆ 70, ಎಡಗೈಗೆ 60, ಒಂದು ಕಣ್ಣಿಗೆ 30, ಹೆಬ್ಬೆರಳಿಗೆ 25, ತೋರುಬೆರಳಿಗೆ 10. ನೋವಿಗೆ ಇದರಲ್ಲಿ ಜಾಗವಿಲ್ಲ. ದುಡಿಯೋ ಶಕ್ತಿ ಎಷ್ಟು ಹೋಯ್ತು ಅನ್ನೋದಷ್ಟೇ ಲೆಕ್ಕ.

ಹಾಗಂತ ಕಾಯ್ದೆಯನ್ನು ಹಳಿಯಬೇಕಿಲ್ಲ. ಅದಕ್ಕೂ ಮೊದಲು, ಕೋರ್ಟು ಹತ್ತುವ ತಾಕತ್ತಿಲ್ಲದವನು ಧಣಿಯ ದಯೆಗೆ ಕಾಯಬೇಕಿತ್ತು. ಆಮೇಲೆ ಹಕ್ಕಿನಿಂದ ಕೇಳಬಹುದಾಯ್ತು. ಆದರೆ ಹಕ್ಕಿನ ಅಳತೆಗೋಲು ಕೂಲಿ. ಪೂರ್ತಿ ಅಂಗವಿಕಲನಾದವನಿಗೆ 42 ತಿಂಗಳ ಕೂಲಿ ಇಲ್ಲವೇ 3,500 ರೂಪಾಯಿ, ಯಾವುದು ಕಡಿಮೆಯೋ ಅದು. ಅಂದರೆ ತಿಂಗಳಿಗೆ 40 ರೂಪಾಯಿ ಕೂಲಿಯವನ ಹೆಬ್ಬೆರಳಿಗೆ 420 ರೂಪಾಯಿ. 20 ರೂಪಾಯಿಯವನದಕ್ಕೆ 210.

ಜಾತಿ ಒಳಗೆ ಬರೋದು ಇಲ್ಲೇ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಕೂಲಿ ಹೆಚ್ಚಿದ್ದದ್ದು ನೇಯ್ಗೆ ವಿಭಾಗದಲ್ಲಿ. ಲಾಳಿಯ ಕಂಡಿಕೆ ಬದಲಿಸುವಾಗ ನೂಲನ್ನು ಬಾಯಿಂದ ಹೀರಿ ಎಳೆಯಬೇಕಿತ್ತು. ಮೈಲಿಗೆ ಆಗುತ್ತೆ ಅಂತ ಸವರ್ಣ ನೇಕಾರರು ದಲಿತರನ್ನು ಅಲ್ಲಿಗೆ ಸೇರಿಸಲಿಲ್ಲ. ಕಡಿಮೆ ಕೂಲಿಯ ನೂಲುವ ವಿಭಾಗವೇ ಗಿರಣಿಯೊಳಗಿನ ಕೇರಿಯಾಯ್ತು. 1928ರ ಮಹಾ ಮುಷ್ಕರದ ಹೊತ್ತಿಗೆ ಅಂಬೇಡ್ಕರ್ ಈ ಪ್ರಶ್ನೆ ಎತ್ತಿದರು. ಯಂತ್ರ ಜಾತಿ ಕೇಳಿ ಬೆರಳು ಕಡಿಯೋದಿಲ್ಲ. ಆದರೆ ಜಾತಿ ಕೂಲಿಯನ್ನು ತಗ್ಗಿಸಿತು, ಕೂಲಿ ಬೆರಳಿನ ಬೆಲೆಯನ್ನು ತಗ್ಗಿಸಿತು.

ಆ ದುಡ್ಡಾದರೂ ಎಷ್ಟು ದಿನ? ಪರಿಹಾರ ಒಂದು ಸಲ ಬರುತ್ತೆ, ಊನ ಸಾಯೋತನಕ ಇರುತ್ತೆ. ಊರಿಗೆ ವಾಪಸು ಬಂದವನಿಗೆ ಕುಡುಗೋಲು ಹಿಡಿಯಲಾಗದು, ಹಗ್ಗ ಹೊಸೆಯಲಾಗದು. ಜಮೀನಿದ್ದವನು ಆಳಿಟ್ಟು ಮಾಡಿಸ್ತಾನೆ. ಕೈಯೇ ಆಸ್ತಿಯಾದವನಿಗೆ 25 ಅಂದರೆ ನೂರೇ. ಹೆಂಡತಿಯ ಮೈಮೇಲೆ ಬಿದ್ದ ದುಡಿಮೆ, ಮಗಳು ಬಿಟ್ಟ ಶಾಲೆ ಯಾವ ಪಟ್ಟಿಯಲ್ಲೂ ಇಲ್ಲ.

ಈ ಮಾತನ್ನು ಸ್ವಲ್ಪಮಟ್ಟಿಗೆ ಸುಪ್ರೀಂ ಕೋರ್ಟು ಒಪ್ಪಿದ್ದು 1975ರಲ್ಲಿ. ಎಡತೋಳು ಮೊಣಕೈ ಮೇಲಕ್ಕೆ ಹೋದ ಬಡಗಿಯೊಬ್ಬನ ಮೊಕದ್ದಮೆ ಅದು. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗೋದಿಲ್ಲ, ಅವನ ನಷ್ಟ ನೂರಕ್ಕೆ ನೂರು ಅನ್ನುವ ತೀರ್ಪನ್ನು ಅದು ಎತ್ತಿಹಿಡಿಯಿತು. ಪಟ್ಟಿಯಾಚೆಗೆ ಮನುಷ್ಯನ ಕಸುಬನ್ನು ನೋಡಬೇಕು ಅನ್ನೋದು ಅದರ ತಿರುಳು.

ಗೆಳೆಯರೇ, ನಿಮ್ಮೂರಿನಲ್ಲಿ ಕೈಬೆರಳು ಕಳಕೊಂಡು ಬಂದವರು ಇದ್ದೇ ಇರ್ತಾರೆ. ಅವರ ಹತ್ತಿರ ಕೂತು ಕೇಳಿ: ಅವತ್ತು ಕೂಲಿ ಎಷ್ಟಿತ್ತು? ಆ ಕೆಲಸಕ್ಕೆ ನಿಮ್ಮನ್ನೇ ಯಾಕೆ ಹಾಕಿದರು? ಅವರ ಉತ್ತರವನ್ನು ಬರೆದಿಡಿ. ಅದೂ ಚರಿತ್ರೆಯೇ.