ಕುಕ್ಕುವಾಡದ ಅಂಬಾಸಿಡರ್, ಎರಡು ಸೈಕಲ್ ಅಂಗಡಿಗಳ ಕಥೆ

ಕುಕ್ಕುವಾಡದ ಒಂದು ಮನೆ ಮುಂದೆ, ಬೇವಿನ ಮರದ ಕೆಳಗೆ ಬಿಳಿ ಅಂಬಾಸಿಡರ್ ನಿಂತಿದೆ. ಗಾಜಿನ ಮೇಲೆ ಸುಣ್ಣದಲ್ಲಿ ಬರೆದಿದ್ದಾರೆ: ‘ವಿಂಟೇಜ್ ಕಾರು, ಮಾರಾಟಕ್ಕಿದೆ’. 1984ರ ಮಾಡೆಲ್. ಆರ್‌ಸಿಯಲ್ಲಿ ಚಿತ್ರದುರ್ಗ ಜಿಲ್ಲೆ ಎಂದಿದೆ. ದಾವಣಗೆರೆ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ ತಾನೆ.

ನಾವು ನೋಡಲು ಹೋದಾಗ ಯಜಮಾನರು ಬಾನೆಟ್ ಎತ್ತಿ ತೋರಿಸಿದರು. “ಗುಜರಿಯವ್ರು ತೂಕದ ಲೆಕ್ಕದಾಗೆ ಕೇಳ್ತಾರೆ ನೋಡ್ರಿ. ನಮ್ಮ ಮನೆ ಮೂರು ಮದುವೆ ದಿಬ್ಬಣ ಇದ್ರಾಗೆ ಹೋಗೈತಿ. ಕೆಜಿಗಿಷ್ಟು ಅಂತ ಹೆಂಗ್ ಕೊಡ್ಲಿ?” ಎಂದರು.

ಬೆಲೆ ಕಟ್ಟುವ ಮುಂಚೆ ಈ ಕಾರಿನ ಮೂಲ ತಿಳಿಯೋಣ.

ಅಂಬಾಸಿಡರ್ ತಯಾರಾಗಿದ್ದು ನಮ್ಮ ದೇಶದಲ್ಲೇ. ಆದರೆ ಇದರ ತವರು ಇಂಗ್ಲೆಂಡಿನ ಆಕ್ಸ್‌ಫರ್ಡ್. ಅಲ್ಲಿ ವಿಲಿಯಂ ಮಾರಿಸ್ ಎಂಬ ಹುಡುಗ 1893ರಲ್ಲಿ, ತನ್ನ 16ನೇ ವಯಸ್ಸಿನಲ್ಲಿ, 4 ಪೌಂಡ್ ಬಂಡವಾಳ ಹಾಕಿ ಸೈಕಲ್ ರಿಪೇರಿ ಶುರು ಮಾಡಿದ. 1913ರಲ್ಲಿ ತನ್ನ ಮೊದಲ ಕಾರು ಹೊರತಂದು, ಅದಕ್ಕೆ ಊರಿನ ಹೆಸರನ್ನೇ ಇಟ್ಟ: ಮಾರಿಸ್ ಆಕ್ಸ್‌ಫರ್ಡ್. ಆಕ್ಸ್‌ಫರ್ಡ್ ಎಂದರೆ ಎತ್ತುಗಳು ಹೊಳೆ ದಾಟುವ ಜಾಗ. ಮಾರಿಸ್ ಕಾರಿನ ಲಾಂಛನದಲ್ಲೂ ಹೊಳೆ ದಾಟುವ ಎತ್ತೇ ಇತ್ತು.

ಇಲ್ಲಿ ಬಿರ್ಲಾ ಮನೆತನ 1942ರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಟ್ಟಿತು. ಮಾರಿಸ್ ಕಂಪನಿಯ ಮಾದರಿಗಳನ್ನೇ ತಂದು ಇಲ್ಲಿ ತಯಾರಿಸಿತು. ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಸರಣಿಯೇ 1957ರಲ್ಲಿ ಅಂಬಾಸಿಡರ್ ಆಯಿತು. ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರವರೆಗೂ ಇದು ತಯಾರಾಯಿತು. ಮಂತ್ರಿಗೂ ಇದೇ, ಟ್ಯಾಕ್ಸಿಗೂ ಇದೇ.

ಅಲ್ಲಿ ಇಂಗ್ಲೆಂಡಿನಲ್ಲಿ ಮಾರಿಸ್ ಕಂಪನಿ 1952ರಲ್ಲಿ ಆಸ್ಟಿನ್ ಜೊತೆ ಸೇರಿತು. ಆಮೇಲೆ ಕೈಯಿಂದ ಕೈಗೆ ಹೋಗಿ, 1984ರಲ್ಲಿ ಮಾರಿಸ್ ಹೆಸರೇ ನಿಂತುಹೋಯಿತು. ಅಂದರೆ ತವರಿನಲ್ಲಿ ಹೆಸರು ಅಳಿದ ವರ್ಷವೇ ಕುಕ್ಕುವಾಡದ ಈ ಕಾರು ಹುಟ್ಟಿದ್ದು.

ಇನ್ನೊಂದು ಸೈಕಲ್ ಅಂಗಡಿ ನಮ್ಮ ಕಡೆಯದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಆಮೇಲೆ ರೈತರಿಗೆ ಕಬ್ಬಿಣದ ನೇಗಿಲು ಮಾಡಿಕೊಟ್ಟರು. ಅದೇ ಮನೆತನದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಹರಿಹರಕ್ಕೆ ಬಂತು. ಅಲ್ಲಿ ತಯಾರಾದ ಲೇತ್ ಯಂತ್ರಗಳು ಊರೂರಿನ ವರ್ಕ್‌ಶಾಪ್ ಸೇರಿದವು.

ಈ ಕಾರಿನ ಬುಷ್ಷು, ಪಿನ್ನು ಸವೆದಾಗಲೆಲ್ಲ ದಾವಣಗೆರೆಯ ಒಂದು ಲೇತ್ ಅಂಗಡಿಯಲ್ಲಿ ಮಾಡಿಸುತ್ತಿದ್ದರಂತೆ. “ಆ ಲೇತ್ ಹರಿಹರದ್ದೇ” ಎಂದರು ಯಜಮಾನರು. ಹೀಗೆ ಎರಡು ಸೈಕಲ್ ಅಂಗಡಿಗಳ ಬೆಳೆ ಒಂದೇ ಬಾನೆಟ್ ಕೆಳಗೆ ಸೇರಿತು. ಹರಿಹರದ ಆ ಕಾರ್ಖಾನೆ ಈಗಿಲ್ಲ. ಆ ಲೇತ್ ಹಿಡಿದು ಕೆಲಸ ಕಲಿತ ಕೈಗಳೂ ಕಡಿಮೆಯಾಗುತ್ತಿವೆ.

ಇನ್ನು ಗಾಜಿನ ಮೇಲಿನ ಆ ‘ವಿಂಟೇಜ್’ ಪದ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಬದಲಾಗಿರಬಾರದು. ಅಂಥ ನೋಂದಣಿಗೆ 20,000 ರೂಪಾಯಿ ಶುಲ್ಕ. ನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಈ ಕಾರಿಗೆ ಆ ಯೋಗ ಬರುವುದು 2034ಕ್ಕೆ. ಅಲ್ಲಿಯವರೆಗೆ ಇದು ಬರೀ ಹಳೇ ಕಾರು. 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಆರ್‌ಸಿ ನವೀಕರಿಸಬೇಕು. ಗುಜರಿಗೆ ಹೋಗುವ ಕಾರುಗಳು ಹೆಚ್ಚಾಗಿ ಈ ನಡುವಿನ ವಯಸ್ಸಿನವೇ.

ನಾವು ಇದನ್ನೆಲ್ಲ ಹೇಳಿದಾಗ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೆಗಲ ಮೇಲಿನ ಟವೆಲ್ಲಿನಿಂದ ‘ವಿಂಟೇಜ್’ ಅನ್ನೋದನ್ನ ಒರೆಸಿದರು. ‘ಮಾರಾಟಕ್ಕಿದೆ’ ಹಾಗೇ ಉಳಿಯಿತು. “ಓಡಿಸೋರಿಗೆ ಮಾತ್ರ ಅಂತ ಬರೀರಿ” ಎಂದರು. ಬರೆದಿದ್ದೇವೆ.